ಬಾಕಿ ನಲವತ್ತು

ಪಡುಬಿದ್ರಿ ದಾಟಿ ಎರ್ಮಾಳಿನ ಹತ್ತಿರ
ಎಡಗೈಗೆ ಏನೋ ಹಗುರವಾಯಿತು.
ಕ್ಲಚ್ಚಿನ ಹಿಡಿಕೆ ಒತ್ತಿದರೆ ಎದುರುಮಾತಿಲ್ಲ,
ಮದುವೆಮನೆಯಲ್ಲಿ ಯಾರದೋ ಕೈ ಕುಲುಕಿದಂತೆ
ಸುಮ್ಮನೆ ಬಂತು, ಸುಮ್ಮನೆ ಹೋಯಿತು.
ಗಾಡಿ ಎರಡು ಸಲ ಕುಪ್ಪಳಿಸಿ ನಿಂತಿತು.

ರಾಮೇಶ್ವರ ಬಿಟ್ಟು ಐದನೇ ದಿನ.
ಮಾರ್ಚಿನ ಎರಡೂವರೆ ಗಂಟೆ,
ಚಪ್ಪಲಿಗೆ ಡಾಂಬರು ಅಂಟುವ ಹೊತ್ತು.

ಇಪ್ಪತ್ತಾರು ವರ್ಷ ಹುಬ್ಬಳ್ಳಿ ಡಿಪೋದ ಕಂಡಕ್ಟರು ನಾನು.
ಬಸ್ಸು ಕೆಟ್ಟರೆ ನನಗೊಂದು ಕ್ರಮವಿತ್ತು:
ಮೊದಲು ಹಸುಗೂಸಿನವರು, ಆಮೇಲೆ ಆಸ್ಪತ್ರೆಯವರು,
ಹಿಂದಿನ ಬಸ್ಸಿಗೆ ಕೈ ಅಡ್ಡ ಹಾಕಿ
ಒಬ್ಬೊಬ್ಬರನ್ನೇ ದಾಟಿಸಿ,
ಕೊನೆಗೆ ಉಳಿಯುವುದು ಡ್ರೈವರು, ನಾನು, ಒಂದು ಸ್ಟೆಪ್ನಿ.
ಇವತ್ತು ಪ್ರಯಾಣಿಕಳು ಒಬ್ಬಳೇ.
ಅವಳು ಗಾಡಿ ಬಿಟ್ಟು ಬರಲೊಲ್ಲಳು.

ತಳ್ಳಿದೆ.
ಚೀಲದಲ್ಲಿ ಪ್ಲಗ್ ಇತ್ತು, ಟ್ಯೂಬ್ ಇತ್ತು, ಚೈನಿನ ಕೊಂಡಿ ಇತ್ತು,
ಬಿಪಿ ಗುಳಿಗೆ, ಶೇಂಗಾ ಹಿಂಡಿ, ಖಡಕ್ ರೊಟ್ಟಿ.
ಕ್ಲಚ್ ವೈರೊಂದಿಲ್ಲ.
ತಂಗಿಯ ಮಗ ಹೇಳಿದ್ದ.
"ಅದೇನು ಹರೀತದ, ಬಿಡೋ" ಅಂದವಳು ನಾನೇ.
ಲಾರಿಯವರು ಹಾರ್ನ್ ಹೊಡೆದು
ಸಂತಾಪ ಸೂಚಿಸಿ ಹೋದರು.

ಕಡಲಿನ ಕಡೆಗೊಂದು ಕಿರುದಾರಿ, ತಗಡಿನ ಮಾಡು.
ಬಲೆ ಹರಡಿ ಕೂತವರು ದೂಮಣ್ಣ ತಿಂಗಳಾಯ,
ಹಲ್ಲಿನ ನಡುವೆ ನೂಲು.
"ಎಂತ ಆಯ್ತು?"
ತೋರಿಸಿದೆ.
ತಂತಿ ಹೊರಗೆಳೆದು ಉದ್ದಕ್ಕೂ ಸವರಿದರು.
"ತುಂಡಾಗಲಿಲ್ಲ ಮಾರಾಯ್ರೆ, ತುದಿಯ ಗುಂಡು ಹೋದದ್ದು.
ತಲೆ ಇಲ್ಲ ಅಷ್ಟೆ, ಮೈ ಸರಿ ಉಂಟು."
ಹೆಸರು ಕೇಳಿದರು. ಗುರುಸಿದ್ಧವ್ವ ಅಂದೆ.
"ಉದ್ದ ಉಂಟು" ಎಂದು
ಒಳಗೆ ತುಳುವಿನಲ್ಲಿ ಕೂಗಿದರು;
ಬಂದದ್ದು ತಂಬಿಗೆ ನೀರು, ಬೆಲ್ಲದ ತುಂಡು.

ಬಲೆಯ ಅಂಚಿನಿಂದ ಎರಡು ಸೀಸದ ಮಣಿ ಬಿಚ್ಚಿದರು.
ಗೆರಟೆಯ ಬೆಂಕಿ, ಹಿಡಿ ಸುಟ್ಟುಹೋದ ಕಬ್ಬಿಣದ ಸೌಟು.
ಹಲಗೆಯ ತುಂಡಿಗೆ ತೂತು ಕೊರೆದು
ತಂತಿ ತೂರಿಸಿ, ತುದಿಯ ಎಳೆಗಳನ್ನು
ದಾಸವಾಳದ ಕೇಸರದ ಹಾಗೆ ಬಿಡಿಸಿದರು.
ಸೀಸ ಮೊದಲು ಮುನಿಸಿಕೊಂಡು ಬೂದಿ ಹೊದ್ದು ಕೂತಿತು,
ಆಮೇಲೆ ಒಮ್ಮೆಲೇ ಕನ್ನಡಿಯಾಯಿತು.
ಸುರಿದರು.
ಸುಟ್ಟ ಮರದ ವಾಸನೆ. ಇಬ್ಬರಿಗೂ ಮಾತಿಲ್ಲ.

ಹಲಗೆ ಸೀಳಿದಾಗ
ಕಡಲೆಕಾಳಿನಷ್ಟು ಗುಂಡು, ಅಂಕುಡೊಂಕು.
ಅರದಿಂದ ಉಜ್ಜಿ ಕೂರಿಸಿದರು.
ನನ್ನ ಎಡಗೈಗೆ ಎದುರುಮಾತು ಮರಳಿ ಬಂತು.

"ಸೀಸ ಮೆತ್ತಗೆ, ಸುಮ್ಸುಮ್ನೆ ಹಿಡೀಬೇಡಿ.
ಉಡುಪಿವರೆಗೆ ಹೇಗೂ ಹೋಗ್ತದೆ,
ಆಚೆಗೆ ನಿಮ್ಮ ಪುಣ್ಯ."

ಎಷ್ಟು ಕೊಡಲಿ?
"ಅರವತ್ತು. ಬಲೆಗೆ ಬೇರೆ ಮಣಿ ಹಾಕ್ಬೇಕಲ್ಲ."
ನೂರರ ನೋಟು ಕೊಟ್ಟೆ.
ಅಂಗಿಯ ಜೇಬು, ಲುಂಗಿಯ ಮಡಿಕೆ, ಬಿಸ್ಕತ್ತಿನ ಡಬ್ಬಿ,
ಎಲ್ಲೂ ಚಿಲ್ಲರೆ ಇಲ್ಲ.
"ಇರ್ಲಿ ಬಿಡ್ರಿ" ಅಂದೆ. ಮುಖ ಗಂಟಾಯಿತು.
ಕ್ಯಾಲೆಂಡರಿನ ಮೂಲೆ ಹರಿದು ಬರೆದರು:
ಬಾಕಿ ೪೦. ಕೆಳಗೆ ಸಹಿ.
"ಬರುವಾಗ ತಕೊಳ್ಳಿ."

ಎಷ್ಟು ಟಿಕೆಟ್ಟುಗಳ ಬೆನ್ನಿಗೆ ಹೀಗೆ ಗೀಚಿದ್ದೇನೆ ನಾನು,
ಇಳಿಯುವಾಗ ಕೇಳ್ರಿ ಅಂದಿದ್ದೇನೆ.
ನಿದ್ದೆಗಣ್ಣಲ್ಲಿ ಇಳಿದವರು, ಕೇಳಲು ನಾಚಿದವರು,
ಒಮ್ಮೆ ಅಂಕೋಲೆಯಲ್ಲಿ ಇಳಿದ ಮುದುಕಿಯ
ಹದಿನೇಳು ರೂಪಾಯಿ
ಬಸ್ಸು ಬಿಟ್ಟ ಕೂಡಲೇ ನೆನಪಾಗಿತ್ತು.
ಸೀಟಿ ಬಾಯಲ್ಲೇ ಇತ್ತು.
ಊದಲಿಲ್ಲ.

ಕಾಪು, ಕಟಪಾಡಿ, ಉದ್ಯಾವರ,
ಪ್ರತಿ ಗೇರಿಗೂ ಲೆಕ್ಕ ಇಟ್ಟು, ಬ್ರೇಕಿಗಿಂತ ಮೊದಲೇ ನಿಧಾನಿಸಿ,
ಎದುರಿನ ಸಿಗ್ನಲ್ ಹಸಿರಾಗಲೆಂದು
ಹುಬ್ಬಳ್ಳಿಯ ಅಜ್ಜನಿಗೆ ಹರಕೆ ಹೊತ್ತು.
ಸಂತೆಕಟ್ಟೆಯಲ್ಲಿ ಗುಂಡು ಜಾರಿತು,
ಉಡುಪಿ ದಾಟಿ, ಹೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ನಡೆದು.
ಎದುರಲ್ಲೇ ಗ್ಯಾರೇಜು. ಹೊಸ ವೈರು, ಐದು ನಿಮಿಷ.

ಗಾಡಿಯ ಕಾಗದಗಳ ಕವರಿನಲ್ಲಿ ಈಗ ಆ ಚೀಟಿ.
ಇನ್ಶೂರೆನ್ಸ್ ನವೆಂಬರಿಗೆ ಮುಗಿಯುತ್ತದೆ,
ಹೊಗೆಯ ಸರ್ಟಿಫಿಕೇಟು ಮುಂದಿನ ತಿಂಗಳು.
ಚೀಟಿಗೆ ದೂಮಣ್ಣ ತಾರೀಕು ಹಾಕಿಲ್ಲ.